ಮಿಲ್ ಕದಿರಯ್ಯನ ಹೆಬ್ಬೆಟ್ಟು

ಮಧುಗಿರಿಯಲ್ಲಿ ಮಿಲ್ ಕದಿರಯ್ಯನಿಗೆ ಶತ್ರುಗಳೇ ಇರಲಿಲ್ಲ. ಅವನೇನೂ ಸಾಧುಸಂತನಲ್ಲ. ಯಾರು ಏನಂದರೂ ಅವನಿಗೆ ಕೇಳಿಸುತ್ತಿರಲಿಲ್ಲ, ಅಷ್ಟೇ. ಕಿವಿಯಲ್ಲಿ ದೋಷವಿರಲಿಲ್ಲ, ದೋಷವೆಲ್ಲ ಮಿಲ್ಲಿನಲ್ಲಿತ್ತು. ಅಪ್ಪನ ಕಾಲದ ಆ ಹಿಟ್ಟಿನ ಮಿಲ್ಲು ಬೆಳಗ್ಗೆ ಶುರುವಾದರೆ ಬೆಟ್ಟದ ಮೇಲಿನ ಕೋತಿಗಳೂ ಕಿವಿ ಮುಚ್ಚಿಕೊಳ್ಳುತ್ತವೆ ಎಂದು ಬೀದಿಯವರು ಹೇಳುತ್ತಿದ್ದರು. ಆ ಸದ್ದಿನಲ್ಲಿ ಗಿರಾಕಿ "ರಾಗಿ ನುಣ್ಣಗೆ ಬೀಸು" ಎಂದರೂ, "ಗೋಧಿ ತರಿ ಮಾಡು" ಎಂದರೂ, "ನಿನ್ ಮಿಲ್ ಮನೆ ಹಾಳಾಗ" ಎಂದರೂ ಕದಿರಯ್ಯ ಒಂದೇ ಹದದಲ್ಲಿ ತಲೆಯಾಡಿಸುತ್ತಿದ್ದ. ಬಂದವರು ತಮ್ಮ ಮಾತಿಗೆ ಒಪ್ಪಿಗೆ ಸಿಕ್ಕಿತೆಂದು ಸಮಾಧಾನಪಡುತ್ತಿದ್ದರು. ಹಿಟ್ಟು ಮಾತ್ರ ಮಿಲ್ಲಿಗೆ ತೋಚಿದ ಹಾಗೆ ಬರುತ್ತಿತ್ತು.

ಅವನ ಮದುವೆಯೂ ಹೀಗೇ ಆದದ್ದು. ಪುರವರದ ಕಡೆಯ ಹಿರಿಯರೊಬ್ಬರು ಮಿಲ್ಲಿನ ಬಾಗಿಲಲ್ಲಿ ನಿಂತು ಏನೋ ಕೇಳಿದರು, ಇವನು ತಲೆಯಾಡಿಸಿದ. ಮುಂದಿನ ತಿಂಗಳು ಕೊಲ್ಲಾಪುರಮ್ಮ ಸೇರಕ್ಕಿ ಒದ್ದು ಒಳಗೆ ಬಂದಳು. "ನನ್ ಪುಣ್ಯ, ಅವತ್ತು ಕರೆಂಟ್ ಇತ್ತು" ಎಂದು ಕದಿರಯ್ಯ ಹೇಳುತ್ತಾನೆ. "ನನ್ ಕರ್ಮ, ಅವತ್ತು ಕರೆಂಟ್ ಇತ್ತು" ಎಂದು ಕೊಲ್ಲಾಪುರಮ್ಮ ಹೇಳುತ್ತಾಳೆ. ಅಭಿಪ್ರಾಯದಲ್ಲಿ ಇಷ್ಟು ಅಂತರವಿದ್ದರೂ ಸಂಸಾರ ಸುಸೂತ್ರವಾಗಿಯೇ ನಡೆದಿತ್ತು.

ಮಿಲ್ಲಿನ ಮುಂದೆ ಒಂದು ಕಲ್ಲುಬೆಂಚು. ದಿನಾ ಬೆಳಗ್ಗೆ ಅದರ ಒಂದು ತುದಿಯಲ್ಲಿ ತೆಂಗಿನಕಾಯಿ ಮಂಡಿಯ ಚಂದ್ರಶೇಖರಯ್ಯ ಕೂರುತ್ತಿದ್ದರು. ಇನ್ನೊಂದು ತುದಿಯಲ್ಲಿ ದೊಡ್ಡೇರಿ ಕಡೆ ಹೊಲವಿದ್ದ ಬೋರಯ್ಯ. ನಡುವೆ ಕಾಗದದ ಮೇಲೆ ಕಡ್ಲೆಪುರಿ. ಚಂದ್ರಶೇಖರಯ್ಯನವರದು ಮೊರದ ಪಕ್ಷ, ಬೋರಯ್ಯನದು ಒನಕೆ ಪಕ್ಷ. ಪಕ್ಷಗಳ ನಿಜವಾದ ಹೆಸರು ಬರೆದರೆ ಇದನ್ನು ಓದುವವರ ಮನೆಯಲ್ಲೂ ಜಗಳ ಎದ್ದೀತೆಂಬ ಭಯದಿಂದ ಚಿಹ್ನೆಗಳನ್ನೂ ಬದಲಾಯಿಸಿ ಹೇಳುತ್ತಿದ್ದೇನೆ. ಇಬ್ಬರೂ ಮಿಲ್ಲಿನ ಸದ್ದಿಗೆ ಮೇಲಾಗಿ ಕಿರುಚುತ್ತ ವಾದ ಮಾಡುತ್ತಿದ್ದರು. ವಾದ ಕಾವೇರಿದಾಗ ಒಬ್ಬರು ಒಳಗೆ ತಿರುಗಿ "ಏನಯ್ಯಾ ಕದಿರಯ್ಯ, ನಾನು ಹೇಳಿದ್ದು ಸರಿ ತಾನೇ?" ಎನ್ನುವರು. ಕದಿರಯ್ಯ ತಲೆಯಾಡಿಸುವನು. ಇನ್ನೊಬ್ಬನೂ ಅದನ್ನೇ ಕೇಳುವನು. ಕದಿರಯ್ಯ ಅದಕ್ಕೂ ತಲೆಯಾಡಿಸುವನು. ಹೀಗೆ ಇಪ್ಪತ್ತು ವರ್ಷ ಇಬ್ಬರೂ ದಿನಾ ಗೆದ್ದು ಮನೆಗೆ ಹೋಗುತ್ತಿದ್ದರು.

ವರ್ಷಕ್ಕೊಮ್ಮೆ, ಅವರೆಕಾಯಿ ಕಾಲದಲ್ಲಿ, ಒಂದು ಭಾನುವಾರ ಮೂರೂ ಮನೆಯವರು ಮಿಲ್ಲಿನ ಅಂಗಳದಲ್ಲಿ ಕೂತು ಹಿದುಕಿದ ಬೇಳೆ ಸಾರು ಮಾಡುವ ಪದ್ಧತಿಯಿತ್ತು. ಅವರೆ ಬೋರಯ್ಯನ ಹೊಲದ್ದು, ತೆಂಗಿನಕಾಯಿ ಚಂದ್ರಶೇಖರಯ್ಯನವರ ಮಂಡಿಯದು, ಮುದ್ದೆಗೆ ಹಿಟ್ಟು ಕದಿರಯ್ಯನದು. ಹಿಂದಿನ ದಿನ ನೆನೆಹಾಕಿದ ಕಾಳನ್ನು ಒಂದೊಂದಾಗಿ ಹಿಡಿದು, ಹಿಸುಕಿ, ಸಿಪ್ಪೆಯಿಂದ ಬೇಳೆ ಹಾರಿಸಬೇಕು. ಒಬ್ಬಿಬ್ಬರಿಂದ ಆಗುವ ಕೆಲಸವಲ್ಲ. ತಡಮಾಡಿದರೆ ಕಾಳು ಲೋಳೆಯಾಗಿ ವಾಸನೆ ಬರುತ್ತದೆ. ಕದಿರಯ್ಯ ವರ್ಷವಿಡೀ ಕಾಯುತ್ತಿದ್ದದ್ದು ಆ ಭಾನುವಾರಕ್ಕೆ. ಅವತ್ತು ಒಂದೇ ದಿನ ಅವನು ಮಿಲ್ಲು ನಿಲ್ಲಿಸುತ್ತಿದ್ದ. ಅವತ್ತು ಎಲ್ಲರ ಗಮನವೂ ಬೇಳೆಯ ಮೇಲಿರುತ್ತಿದ್ದರಿಂದ ರಾಜಕೀಯ ಯಾರೂ ಮಾತಾಡುತ್ತಿರಲಿಲ್ಲ.

ಎಲ್ಲ ಸರಿಯಾಗಿತ್ತು. ಆಮೇಲೆ ಪುರಸಭೆ ಚುನಾವಣೆ ಬಂತು, ಅದರ ಹಿಂದೆಯೇ ವಾಟ್ಸಾಪ್ ಗ್ರೂಪುಗಳು ಬಂದವು.

ಚಂದ್ರಶೇಖರಯ್ಯನವರ ಮಗ ನಾಗಭೂಷಣ್ "ಮೊರದ ಬಳಗ" ಎಂದೊಂದು ಗ್ರೂಪು ಮಾಡಿದ. ಬೋರಯ್ಯನ ತಮ್ಮನ ಮಗ ಚೇತನ್ ಕುಮಾರ್ "ಒನಕೆ ವೀರರು" ಎಂದು ಇನ್ನೊಂದು ಮಾಡಿದ. ಕದಿರಯ್ಯ ತಮ್ಮವನೇ ಎಂಬುದರಲ್ಲಿ ಇಬ್ಬರಿಗೂ ಅನುಮಾನವಿರಲಿಲ್ಲ. ಇಬ್ಬರೂ ಅವನನ್ನು ಸೇರಿಸಿಕೊಂಡರು.

ಕದಿರಯ್ಯನ ಫೋನು ಹಿಟ್ಟು ಹೋಗದಂತೆ ಪ್ಲಾಸ್ಟಿಕ್ ಚೀಲದೊಳಗೆ ಇರುತ್ತಿತ್ತು. ಕನ್ನಡಕದ ಮೇಲೆ ಸದಾ ಒಂದು ಪದರ ರಾಗಿಹಿಟ್ಟು. ಆ ಎರಡು ಮಂಜಿನಾಚೆ ಅಕ್ಷರಗಳು ಕಪ್ಪಿರುವೆ ಸಾಲಿನಂತೆ ಕಾಣುತ್ತಿದ್ದವು. ಆದರೂ ಯಾರೋ ಪಾಪ ಇಷ್ಟು ಕಷ್ಟಪಟ್ಟು ಬರೆದಿದ್ದಾರೆ, ಸುಮ್ಮನಿದ್ದರೆ ಬೇಸರ ಮಾಡಿಕೊಂಡಾರು ಎಂದು ಪ್ರತಿಯೊಂದರ ಕೆಳಗೂ ಹೆಬ್ಬೆಟ್ಟಿನ ಚಿತ್ರ ಒತ್ತುತ್ತಿದ್ದ. ಅವನ ಪಾಲಿಗೆ ಅದು ಕೈಯಿಂದ ತಲೆಯಾಡಿಸುವುದು. ಯಾರನ್ನೂ ನೋಯಿಸದೆ ಬಾಳುವ ಗುಟ್ಟು ತನಗೆ ಸಿಕ್ಕಿದೆಯೆಂಬ ಸಣ್ಣ ಜಂಬವೂ ಅವನಿಗಿತ್ತು. "ನೋಡು, ಎಲ್ರೂ ಕಿತ್ತಾಡ್ತಾರೆ. ನಂಗೆ ಎರಡೂ ಕಡೆ ಮರ್ಯಾದೆ ಐತೆ" ಎಂದು ಕೊಲ್ಲಾಪುರಮ್ಮನಿಗೆ ಹೇಳುತ್ತಿದ್ದ.

"ಕನ್ನಡ್ಕ ಒರೆಸ್ಕೊಂಡು ಓದಿ ಒಂದ್ಕಿತ" ಎಂದಳು ಅವಳು. ಮಿಲ್ಲು ಓಡುತ್ತಿತ್ತು. ಕದಿರಯ್ಯ ತಲೆಯಾಡಿಸಿದ.

ಒಂದು ದಿನ ಚಂದ್ರಶೇಖರಯ್ಯನವರು ಹೊದಿಕೆಯೊಳಗೆ ಮಲಗಿಕೊಂಡು ತಮ್ಮ ಗ್ರೂಪಿಗೆ ಹೀಗೆ ಬರೆದರು: "ಒನಕೆಗೆ ಓಟು ಹಾಕುವವರ ತಲೆಯೊಳಗೆ ಇರುವುದು ಅವರೆ ಸಿಪ್ಪೆ." ಅದೇ ಹೊತ್ತಿಗೆ ಬೋರಯ್ಯ ತನ್ನ ಗ್ರೂಪಿಗೆ ಚೇತನನ ಕೈಲಿ ಹೀಗೆ ಬರೆಸಿದ: "ಮೊರದ ಪಾರ್ಟಿಯವರನ್ನು ಒಡೆದು ನೋಡಿದರೆ ಕಾಯಿಯೂ ಇಲ್ಲ, ನೀರೂ ಇಲ್ಲ, ಬರೀ ಜುಟ್ಟು." ಬೆಂಚಿನ ಮೇಲೆ ಇಬ್ಬರೂ ಇದಕ್ಕಿಂತ ಘನವಾದ ಬೈಗುಳಗಳನ್ನು ಮುಖಕ್ಕೆ ಮುಖ ಕೊಟ್ಟು ಬೈದವರೇ. ಆದರೆ ಬೆಂಚಿನ ಮೇಲೆ ಅಂದದ್ದು ಮಿಲ್ಲಿನ ಸದ್ದಿನಲ್ಲಿ ಹಿಟ್ಟಾಗಿ ಹೋಗುತ್ತಿತ್ತು. ಫೋನಿನಲ್ಲಿ ಅಂದದ್ದು ಕಾಳಾಗಿ ಹಾಗೇ ಉಳಿಯಿತು. ಯಾರೋ ಪುಣ್ಯಾತ್ಮರು ಎರಡರ ಫೋಟೋ ಹಿಡಿದು ಅದನ್ನು ಇಲ್ಲಿಗೆ, ಇದನ್ನು ಅಲ್ಲಿಗೆ ದಾಟಿಸಿದರು. ಎರಡರ ಕೆಳಗೂ ಹೆಬ್ಬೆಟ್ಟು ಒತ್ತಿದವನು ಕದಿರಯ್ಯ.

ಬೋರಯ್ಯ ಮಿಲ್ಲಿಗೆ ನುಗ್ಗಿ ಬಂದ. "ಲೇ ಕದಿರ! ನನ್ ತಲೇಲಿ ಸಿಪ್ಪೆ ಐತೆ ಅಂತಾನಲ್ಲ ಆ ಶೇಖ್ರಯ್ಯ, ಅದುಕ್ಕೆ ನೀನೂ ಹೆಬ್ಬೆಟ್ಟು ಒತ್ತಿದೀಯಲ್ಲ, ನೀನು ನಮ್ಮೋನೋ ಅವ್ರೋನೋ? ಅವ್ರು ಮೋಸ್ದಿಂದ ಒತ್ತಿಸ್ಕೊಂಡ್ರಾ?"

ಕದಿರಯ್ಯ ತಲೆಯಾಡಿಸಿದ.

"ಅಂಗನ್ನು ಮತ್ತೆ! ಮೋಸ ಮಾಡವ್ರೆ! ನೀನು ನಮ್ಮೋನೇ ಕಣ್ಲಾ" ಎಂದು ಬೋರಯ್ಯ ಅವನ ಬೆನ್ನು ತಟ್ಟಿ ಒಂದು ಹಿಟ್ಟಿನ ಮೋಡ ಎಬ್ಬಿಸಿ ಹೋದ. ಅವನು ಆ ಕಡೆ ಹೋದ ಮೇಲೆ ಚಂದ್ರಶೇಖರಯ್ಯನವರು ಈ ಕಡೆಯಿಂದ ಬಂದರು. ಅವರೂ ಅದನ್ನೇ ಕೇಳಿದರು, ಅದೇ ಉತ್ತರ ಪಡೆದರು, ಅದೇ ಬೆನ್ನನ್ನು ತಟ್ಟಿದರು.

ಇಲ್ಲಿಂದ ತರ್ಕಶಾಸ್ತ್ರ ಶುರುವಾಯಿತು. ಕದಿರಯ್ಯ ನಮ್ಮವನು, ಆದ್ದರಿಂದ ಬೆಂಚು ನಮ್ಮ ಪಕ್ಷದ್ದು, ಆದ್ದರಿಂದ ಆ ಮನುಷ್ಯನ ಜೊತೆ ಅದರ ಮೇಲೆ ಕೂರುವುದು ಪಕ್ಷಕ್ಕೆ ಅವಮಾನ ಎಂದು ಇಬ್ಬರೂ ಬೇರೆ ಬೇರೆ ಯೋಚಿಸಿ ಒಂದೇ ತೀರ್ಮಾನಕ್ಕೆ ಬಂದರು. ಮರುದಿನ ಬೆಂಚು ಖಾಲಿ. ಅದರ ಮರುದಿನವೂ ಖಾಲಿ. ಚಂದ್ರಶೇಖರಯ್ಯನವರು ಮಂಡಿಗೆ ಹಿಂದಿನ ಬೀದಿಯಿಂದ ಹೋಗುತ್ತಿದ್ದರು. ಬೋರಯ್ಯ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಒಬ್ಬನೇ ಕೂತು ಟೀ ಕುಡಿಯುತ್ತಿದ್ದನಂತೆ, ಯಾರ ಜೊತೆಗೂ ವಾದ ಮಾಡದೆ ಬಾಡಿಹೋಗಿದ್ದನಂತೆ.

ಕದಿರಯ್ಯನಿಗೆ ಸಂಕಟವಾಯಿತು. ಅವನು ಎಂದೂ ಆ ಬೆಂಚಿನ ಮೇಲೆ ಕೂತವನಲ್ಲ. ಮಿಲ್ಲು ಬಿಟ್ಟು ಬರಲು ಅವನಿಗೆ ಬಿಡುವೆಲ್ಲಿ? ಆದರೆ ಒಳಗಿನಿಂದ ನೋಡಿದಾಗ ಬಾಗಿಲಾಚೆ ಎರಡು ಬೆನ್ನುಗಳು ಕಾಣಬೇಕು, ನಾಲ್ಕು ಕೈಗಳು ಗಾಳಿಯಲ್ಲಿ ಆಡಬೇಕು. ಅದಿಲ್ಲದೆ ಅವನಿಗೆ ರಾಗಿ ಬೀಸುವುದೇ ಬೇಸರವಾಯಿತು. ಕಡ್ಲೆಪುರಿ ತರಿಸಿ ಬೆಂಚಿನ ನಡುವೆ ಇಟ್ಟು ಕಾದ. ಬೀದಿಯ ಮೇಕೆಯೊಂದು ಬಂದು ಅದನ್ನು ತಿಂದು ಹೋಯಿತು.

ಇಬ್ಬರನ್ನೂ ಮತ್ತೆ ಒಲಿಸಿಕೊಳ್ಳಲು ಅವನು ತನಗೆ ಗೊತ್ತಿದ್ದ ಒಂದೇ ಉಪಾಯ ಮಾಡಿದ. ಇನ್ನೂ ಹೆಚ್ಚು ಹೆಬ್ಬೆಟ್ಟು ಒತ್ತಿದ. ಬಂದದ್ದಕ್ಕೆಲ್ಲ ಒತ್ತಿದ. ಅದರಲ್ಲಿ ನಾಗಭೂಷಣನ ಒಂದು ಸಂದೇಶವಿತ್ತು: "ನಮ್ಮ ವಾರ್ಡಿಗೆ ಮೊರದ ಪಕ್ಷದಿಂದ ಸರ್ವರಿಗೂ ಬೇಕಾದ ಮಿಲ್ ಕದಿರಯ್ಯನವರೇ ನಿಂತರೆ ಹೇಗೆ?" ಚೇತನ್ ಕುಮಾರನದೂ ಒಂದಿತ್ತು: "ಒನಕೆ ಪಕ್ಷದ ಅಭ್ಯರ್ಥಿಯಾಗಿ ನಮ್ಮ ಮಿಲ್ ಕದಿರಣ್ಣ, ಒಪ್ಪಿಗೆಯಾ ಅಣ್ಣಾ?"

ಎರಡಕ್ಕೂ ಹೆಬ್ಬೆಟ್ಟು ಬಿತ್ತು.

ಹಾಲು ತರಲು ಹೋಗಿದ್ದ ಕೊಲ್ಲಾಪುರಮ್ಮ ಅರ್ಧ ಹಾಲು ಚೆಲ್ಲಿಕೊಂಡು ಓಡಿಬಂದಳು. "ರೀ, ಆಚೆ ಬನ್ರೀ! ಸರ್ಕಲ್ಲಲ್ಲಿ ನಿಮ್ಮನ್ನ ಎರಡ್ ಕಡೆ ನಿಲ್ಸವ್ರೆ!"

ಸರ್ಕಲ್ಲಿನ ಎಡಕ್ಕೆ ಆಳೆತ್ತರದ ಫ್ಲೆಕ್ಸು. ಅದರಲ್ಲಿ ಕದಿರಯ್ಯ ಮೊರ ಹಿಡಿದು ನಿಂತಿದ್ದ. "ಕಸ ತೂರಲು, ಕಾಳು ಉಳಿಸಲು, ನಿಮ್ಮ ಮನೆ ಮಗ ಕದಿರಯ್ಯ." ಬಲಕ್ಕೆ ಇನ್ನೊಂದು ಫ್ಲೆಕ್ಸು. ಅದರಲ್ಲಿ ಅದೇ ಕದಿರಯ್ಯ, ಅದೇ ಶರ್ಟು, ಅದೇ ನಗು, ಕೈಯಲ್ಲಿ ಒನಕೆ. "ಎದುರು ನಿಂತವನನ್ನು ನಂಬಬೇಡಿ!" ಎದುರು ನಿಂತವನೂ ಅವನೇ. ಇಬ್ಬರೂ ರಸ್ತೆಯ ಆಚೀಚೆಯಿಂದ ಪರಸ್ಪರ ನೋಡಿ ಸ್ನೇಹದಿಂದ ನಗುತ್ತಿದ್ದರು. ಯಾವುದೋ ಮದುವೆಯಲ್ಲಿ ಮಜ್ಜಿಗೆ ಲೋಟ ಹಿಡಿದು ತೆಗೆಸಿದ್ದ ಫೋಟೋ ಅದು. ಹಾಗಾಗಿ ಮೊರವನ್ನೂ ಒನಕೆಯನ್ನೂ ಎರಡೇ ಬೆರಳಲ್ಲಿ, ಕುಡಿಯಲು ಎತ್ತಿದ ಹಾಗೆ ಹಿಡಿದಿದ್ದ.

"ಯಾರ್ ಗೆದ್ರೂ ನೀನೇ ಬುಡು ಕದಿರಣ್ಣ!" ಎಂದು ಆಟೋದವನೊಬ್ಬ ಅಭಿನಂದಿಸಿದ.

"ಸೋಲೋನೂ ಇವ್ರೇ ಅಲ್ವಾ?" ಎಂದಳು ಕೊಲ್ಲಾಪುರಮ್ಮ.

ಕದಿರಯ್ಯ ನೇರ ಫ್ಲೆಕ್ಸ್ ಅಂಗಡಿಗೆ ಹೋದ. ಅಂಗಡಿಯ ಲಕ್ಷ್ಮೀಪತಿ ಪಾವಗಡದವನು. ಅವನ ಮಾತಿನಲ್ಲಿ ತೆಲುಗು ಎಲ್ಲಿ ಮುಗಿದು ಕನ್ನಡ ಎಲ್ಲಿ ಶುರುವಾಗುತ್ತದೆಂದು ಅವನಿಗೂ ತಿಳಿಯದು. "ನಂದೇಮಿ ತಪ್ಪು ಅನ್ನಾ? ಒಕೇ ಮನಿಷಿ, ಒಕೇ ಫೋಟೋ, ರೆಂಡು ಆರ್ಡರು. ಲೋಟ ತೆಗೆದು ಮೊರ ಇಟ್ಟೆ, ಮೊರ ತೆಗೆದು ಒನಕೆ ಇಟ್ಟೆ. ನಂಗೆ ಚಾಲಾ ಅನುಕೂಲ ಆಯ್ತು. ಮೂರನೇ ಪಾರ್ಟಿ ಇದ್ರೆ ಚೆಪ್ಪು, ಲೋಟ ಇನ್ನೂ ಅಟ್ಲೇ ಐತೆ" ಎಂದ.

ವಿಷಯ ಇಷ್ಟಕ್ಕೇ ನಿಲ್ಲಲಿಲ್ಲ. ಎದುರು ಪಕ್ಷದವರು ನಮ್ಮ ಅಭ್ಯರ್ಥಿಯ ಫೋಟೋ ಕದ್ದಿದ್ದಾರೆಂದು ನಾಗಭೂಷಣ್ ಒಂದು ದೂರು ಬರೆದು ಮಿಲ್ಲಿಗೆ ತಂದು ಕದಿರಯ್ಯನ ಸಹಿ ಹಾಕಿಸಿಕೊಂಡ. ಮಧ್ಯಾಹ್ನ ಚೇತನ್ ಕುಮಾರನೂ ಅಂಥದೇ ಒಂದನ್ನು ತಂದ. ಮಿಲ್ಲು ಓಡುತ್ತಿತ್ತು; ಕನ್ನಡಕದ ಮೇಲೆ ಹಿಟ್ಟಿತ್ತು; ಹುಡುಗರು ಪಾಪ ಬಿಸಿಲಲ್ಲಿ ಬಂದಿದ್ದರು. ಎರಡಕ್ಕೂ ಸಹಿ ಬಿತ್ತು. ಶನಿವಾರ ಪುರಸಭೆ ಕಚೇರಿಯಿಂದ ಕರೆ ಬಂತು.

ಚುನಾವಣಾ ಅಧಿಕಾರಿಯಾಗಿ ಬಂದಿದ್ದ ಹೆಂಗಸು ಶಾಂತ ಸ್ವಭಾವದವರು. ಎದುರಿನ ಕುರ್ಚಿ ತೋರಿಸಿ ಕೇಳಿದರು: "ಕದಿರಯ್ಯನವರೇ, ಎದುರು ಅಭ್ಯರ್ಥಿ ನಿಮ್ಮ ಫೋಟೋ ಕದ್ದಿದ್ದಾರೆ ಅಂತ ದೂರು ಕೊಟ್ಟಿದ್ದೀರಿ. ಹೌದಾ?"

ಅಭ್ಯಾಸ ಬಲ. ಕದಿರಯ್ಯ ತಲೆಯಾಡಿಸಿದ.

"ಆ ಎದುರು ಅಭ್ಯರ್ಥಿ ಯಾರು ಗೊತ್ತಾ?"

"ಇಲ್ಲ ಮೇಡಂ."

"ನೀವೇ. ಅವರೂ ನಿಮ್ಮ ಮೇಲೆ ಇದೇ ದೂರು ಕೊಟ್ಟಿದ್ದಾರೆ."

"ಯಾರು ಮೇಡಂ?"

"ಅದೂ ನೀವೇ ಕಣ್ರೀ!" ಅವರ ಶಾಂತ ಸ್ವಭಾವ ಅಲ್ಲಿಗೆ ಮುಗಿಯಿತು. "ಇಬ್ರನ್ನೂ ಕೂರಿಸಿ ವಿಚಾರಣೆ ಮಾಡ್ಬೇಕು ಅಂತ ಎರಡು ಕುರ್ಚಿ ಹಾಕ್ಸಿದೀನಿ. ಈಗ ಆ ಕುರ್ಚಿಗೆ ಯಾರನ್ನ ಕೂರಿಸ್ಲಿ? ನೋಡಿ, ನಾಮಪತ್ರಕ್ಕೆ ಸೋಮವಾರ ಕೊನೆ ದಿನ. ಅಷ್ಟ್ರೊಳಗೆ ಮನೇಲಿ ಕೂತು ನಿಮ್ಮ ಜೊತೆ ನೀವು ಮಾತಾಡಿ ಒಂದು ರಾಜಿಗೆ ಬನ್ನಿ."

ಕದಿರಯ್ಯ ಎರಡೂ ಕುರ್ಚಿಗಳಿಗೆ ಕೈಮುಗಿದು ಬಂದ.

ಮನೆಯಲ್ಲಿ ಕೊಲ್ಲಾಪುರಮ್ಮ ದೊಡ್ಡ ಪಾತ್ರೆಗೆ ಅವರೆಕಾಳು ಸುರಿದು ನೀರು ಹಾಕುತ್ತಿದ್ದಳು. "ಯಾರು ಕಳಿಸಿದ್ದು?" ಎಂದು ಕೇಳಿದ. ಬೋರಯ್ಯನ ಹೆಂಡತಿ ರಾಜಲಕ್ಷ್ಮಮ್ಮ ಹಿತ್ತಲ ಬಾಗಿಲಿಂದ ಕೊಟ್ಟು ಹೋಗಿದ್ದಳಂತೆ. ಚಂದ್ರಶೇಖರಯ್ಯನವರ ಸೊಸೆ ಭುವನಾ ತೆಂಗಿನಕಾಯಿ ತಂದಿಟ್ಟು ಹೋಗಿದ್ದಳಂತೆ. "ನಾಳೆ ಭಾನ್ವಾರ. ನಿಮ್ ಪಾರ್ಟಿ ಏನಾರ ಆಗ್ಲಿ, ಅವರೆಕಾಯಿ ನಿಮ್ ಎಲೆಕ್ಷನ್ ಮುಗಿಯೋಗಂಟ ಕಾಯ್ತದಾ?" ಎಂದಳು. ಕದಿರಯ್ಯನಿಗೆ ಕಣ್ಣು ತುಂಬಿಬಂತು. ಕಾಳು ನೆನೆಹಾಕಿಯಾಗಿದೆ. ಆದರೆ ಆ ಇಬ್ಬರು ಬಂದು ಬೆಂಚಿನ ಮೇಲೆ ಕೂರದಿದ್ದರೆ ಆ ಸಾರು ಗಂಟಲಲ್ಲಿ ಇಳಿಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಆ ಗಡಿಬಿಡಿಯಲ್ಲಿ ಅವನು ಮರೆತದ್ದು ಒಂದಿತ್ತು. ಹಿಂದಿನ ದಿನ ಎರಡೂ ಗ್ರೂಪಿನಲ್ಲಿ ಇನ್ನೊಂದೊಂದು ಸಂದೇಶ ಬಂದಿತ್ತು: "ಭಾನುವಾರ ಬೆಳಗ್ಗೆ ಅಭ್ಯರ್ಥಿಯ ಮಿಲ್ಲಿನ ಅಂಗಳದಿಂದಲೇ ಪ್ರಚಾರ ಶುರು. ಎಲ್ಲರಿಗೂ ಅಲ್ಲೇ ಊಟ." ಎರಡಕ್ಕೂ ಏನು ಬಿದ್ದಿತ್ತೆಂದು ಹೇಳಬೇಕಾಗಿಲ್ಲ.

ಭಾನುವಾರ ಹೆಂಗಸರು ಅಂಗಳದಲ್ಲಿ ಚಾಪೆ ಹಾಸಿ ಕೂತರು. ರಾಜಲಕ್ಷ್ಮಮ್ಮ ಬೆರಳು ಒತ್ತಿದರೆ ಬೇಳೆ ಅಂಗಳದ ಆಚೆ ತುದಿಗೆ ಹಾರುತ್ತಿತ್ತು. ಕಾಳಿನ ರಾಶಿ ಕರಗುವ ಲಕ್ಷಣವಿರಲಿಲ್ಲ. "ಇನ್ನೊಂದ್ ನಾಕ್ ಕೈ ಬೇಕಾಗಿತ್ತು ಕಣಮ್ಮ" ಎಂದು ಅವಳು ಹೇಳುವಷ್ಟರಲ್ಲಿ ಬೀದಿಯ ಆಚೆ ತುದಿಯಿಂದ ತಮಟೆ ಕೇಳಿಸಿತು. ಈಚೆ ತುದಿಯಿಂದಲೂ ಕೇಳಿಸಿತು. ಒಂದು ಕಡೆಯಿಂದ ಮೊರ ಎತ್ತಿ ಹಿಡಿದ ಗುಂಪು, ಮುಂದೆ ಶಾಲು ಹೊದ್ದ ಚಂದ್ರಶೇಖರಯ್ಯನವರು. ಇನ್ನೊಂದು ಕಡೆಯಿಂದ ಒನಕೆ ಹೊತ್ತ ಗುಂಪು, ಮುಂದೆ ಟವಲ್ ಬೀಸುತ್ತಿದ್ದ ಬೋರಯ್ಯ. ಎರಡೂ ಗುಂಪಿನ ಘೋಷಣೆ ಒಂದೇ: "ಕದಿರಯ್ಯನಿಗೇ ಜಯ!"

ಕದಿರಯ್ಯ ಬಾಗಿಲಲ್ಲಿ ಒಂದು ಕ್ಷಣ ನಿಂತ. ಆಮೇಲೆ ಸಂಕಟ ಬಂದಾಗ ಮನುಷ್ಯ ಎಲ್ಲಿಗೆ ಓಡಬೇಕೋ ಅಲ್ಲಿಗೆ ಓಡಿದ. ಒಳಗೆ ಹೋಗಿ ಮಿಲ್ಲಿನ ಸ್ವಿಚ್ ಒತ್ತಿದ. ಬೀಸಲು ಒಂದು ಕಾಳೂ ಇಲ್ಲದ ಮಿಲ್ಲು ಒಳಗಿದ್ದ ಹಳೇ ಹಿಟ್ಟನ್ನೆಲ್ಲ ಹಾರಿಸುತ್ತ ಎಂದೂ ಇಲ್ಲದಂತೆ ಅಬ್ಬರಿಸಿತು. ತಮಟೆ ಮುಳುಗಿತು, ಘೋಷಣೆ ಮುಳುಗಿತು. ಎರಡೂ ಗುಂಪು ಬಾಗಿಲಿಗೆ ಮುತ್ತಿ ಕೈಬಾಯಿ ಆಡಿಸಿದವು. ಕದಿರಯ್ಯ ಹಾಯಾಗಿ ಎಡಕ್ಕೊಂದು ಸಲ, ಬಲಕ್ಕೊಂದು ಸಲ ತಲೆಯಾಡಿಸುತ್ತ ನಿಂತ.

ಆಗ ಕರೆಂಟ್ ಹೋಯಿತು.

ಮಿಲ್ಲು ಗೊರಗೊರ ಎಂದು ನಿಂತಿತು. ಇಡೀ ಬೀದಿ ನಿಶ್ಶಬ್ದವಾಯಿತು. ಬೋರಯ್ಯ ಮಿಲ್ಲಿನ ಸದ್ದಿಗೆ ಮೇಲಾಗಿ ಕಿರುಚುತ್ತಿದ್ದ ಮಾತು ಮಾತ್ರ ಒಂಟಿಯಾಗಿ ಉಳಿಯಿತು: "ಯೇಳ್ಲಾ ಕದಿರ, ನೀನು ಯಾರ್ ಕಡೆ!"

ಕದಿರಯ್ಯನ ತಲೆ ಅರ್ಧಕ್ಕೆ ನಿಂತಿತು. ಎಲ್ಲರೂ ಆ ತಲೆಯನ್ನೇ ನೋಡುತ್ತಿದ್ದರು.

"ನಂಗೆ... ಕೇಳಿಸ್ಲಿಲ್ಲ ಬೋರಣ್ಣ."

"ಈಗ್ ಕೇಳ್ತಲ್ಲ, ಯೇಳು."

"ಈಗಲ್ಲ." ಕದಿರಯ್ಯ ಕನ್ನಡಕ ತೆಗೆದ. ಅವನ ಮುಖದಲ್ಲಿ ಹಿಟ್ಟಿಲ್ಲದ ಜಾಗವೆಂದರೆ ಕಣ್ಣಿನ ಸುತ್ತಲಿನ ಎರಡು ಉಂಗುರ ಮಾತ್ರ. "ಯಾವತ್ತೂ ಕೇಳಿಸಿಲ್ಲ. ಇಪ್ಪತ್ತು ವರ್ಷದಿಂದ ನೀವಿಬ್ರು ಆ ಬೆಂಚ್ ಮ್ಯಾಲೆ ಕೂತು ಏನ್ ಮಾತಾಡ್ತಿದ್ರೋ, ಒಂದ್ ಮಾತೂ ನನ್ ಕಿವಿಗೆ ಬಿದ್ದಿಲ್ಲ. ಸುಮ್ನೆ ತಲೆ ಆಡಿಸ್ತಿದ್ದೆ. ಫೋನಾಗಿರೋದೂ ಓದಿಲ್ಲ. ಬ್ಯಾಡ ಅಂದ್ರೆ ಎಲ್ಲಿ ಬೇಜಾರು ಮಾಡ್ಕಂತೀರೋ ಅಂತ ಹೆದ್ರಿಕೆ. ನಂಗೆ ಯಾವ ಸೀಟೂ ಬ್ಯಾಡ. ನೀವಿಬ್ರೂ ಬೆಂಚ್ ಮ್ಯಾಲೆ ಕೂತಿದ್ರೆ ಸಾಕು."

ಕೊನೆಯ ವಾಕ್ಯ ಬಹಳ ಚೆನ್ನಾಗಿತ್ತು. ಆದರೆ ಅದನ್ನು ಯಾರೂ ಕೇಳಲಿಲ್ಲ. ಎಲ್ಲರ ತಲೆಯಲ್ಲೂ ಮೊದಲಿನ ವಾಕ್ಯವೇ ಕೂತಿತ್ತು.

"ಒಂದ್ ಮಾತೂ ಕೇಳಿಲ್ವಾ?" ಚಂದ್ರಶೇಖರಯ್ಯನವರು ಒಂದು ಹೆಜ್ಜೆ ಮುಂದೆ ಬಂದರು. "ಮಂಡಿ ಹಿಂದಿನ ಚರಂಡಿ ವಿಷಯ ನಾನು ತಿಂಗಳಾನುಗಟ್ಟಲೆ ಬಿಡಿಸಿ ಬಿಡಿಸಿ ಹೇಳಿದ್ನಲ್ಲಯ್ಯಾ!"

"ಯಾವ ಚರಂಡಿ?" ಎಂದ ಕದಿರಯ್ಯ.

ಬೋರಯ್ಯನಿಗೆ ತಡೆಯಲಾಗಲಿಲ್ಲ. "ಅದೇ ಕಣ್ಲಾ ಮಂಕೇ! ಅವ್ರ ಪಾರ್ಟಿ ಬಂದ್ರೆ ಚರಂಡಿ ಮ್ಯಾಲೆ ಚಪ್ಪಡಿ ಮುಚ್ಚುಸ್ತೀವಿ ಅಂದ್ರು ಶೇಖ್ರಣ್ಣ. ಮಳೆ ನೀರು ನಮ್ ಬೀದಿಗೆ ನುಗ್ತದೆ ಅಂತ ನಾನಂದೆ. ಜಾಲ್ರಿ ಇಕ್ಕುಸ್ತೀವಿ ಅಂತ ಅವ್ರಂದ್ರು. ಜಾಲ್ರಿ ಕದ್ಕೊಂಡೋಗ್ತಾರೆ ಅಂತ ನಾನಂದೆ. ಅದ್ರಾಗೂ ಒಂದ್ ಅರ್ಥ ಐತೆ ಅಂತ ಮನೆಗೋಗಿ ಯೋಚ್ನೆ ಮಾಡ್ದೆ ನಾನು!"

ಚಂದ್ರಶೇಖರಯ್ಯನವರು ಮೆಲ್ಲಗೆ ತಿರುಗಿದರು. "ಯೋಚ್ನೆ ಮಾಡಿದ್ಯಾ? ನಾನ್ ಹೇಳಿದ್ದನ್ನ?"

"ಮಾಡ್ದೆ ಇನ್ನೇನು? ಮಾರ್ನೆ ದಿನ ನಿಮ್ಮನ್ನ ಬೈಯಾಕೆ ಬ್ಯಾಡ್ವಾ?"

ಚಂದ್ರಶೇಖರಯ್ಯನವರು ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. "ನೀನು ದೊಡ್ಡೇರಿ ಕೆರೆ ಹೂಳಿನ ಬಗ್ಗೆ ಹೇಳ್ತಿದ್ಯಲ್ಲ, ಹೂಳು ತೆಗೆದ್ರೆ ಅದನ್ನ ಹೊಲಕ್ಕೇ ಹೊಡೀಬೇಕು ಅಂತ. ಅದು ತಪ್ಪು ಅಂತ ಹೇಳೋದಕ್ಕೆ ನಾನು ಇಡೀ ಭಾನುವಾರ ಲೆಕ್ಕಾಚಾರ ಹಾಕಿದೀನಿ ಬೋರಯ್ಯ. ನನ್ನ ಮಗನೂ ನನ್ನ ಮಾತು ಪೂರ್ತಿ ಕೇಳಲ್ಲ. ಆ ಗ್ರೂಪಲ್ಲಿ ಒಬ್ಬನೂ ಓದಲ್ಲ, ಬರೀ ಹೆಬ್ಬೆಟ್ಟು. ಈ ಊರಲ್ಲಿ ನನ್ನ ಮಾತು ಕೇಳ್ದೋನು ಅಂದ್ರೆ ನೀನೊಬ್ನೇ."

"ಕೇಳ್ದೆ ಅಷ್ಟೇ, ಒಪ್ಪಿಲ್ಲ" ಎಂದ ಬೋರಯ್ಯ ಎಚ್ಚರಿಕೆಯಿಂದ.

"ಒಪ್ಪು ಅಂದೋರ್ಯಾರು!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಇಬ್ಬರೂ ಒಟ್ಟಿಗೆ ಕದಿರಯ್ಯನ ಕಡೆ ತಿರುಗಿದರು. ಆ ನೋಟ ಕಂಡು ಅವನು ಅಭ್ಯಾಸಬಲದಿಂದ ಸ್ವಿಚ್ಚಿನ ಕಡೆ ಕೈ ಚಾಚಿದ. ಕರೆಂಟ್ ಇರಲಿಲ್ಲ.

"ಇಪ್ಪತ್ತು ವರ್ಷ ನಮ್ಮಿಬ್ರಿಗೂ ಟೋಪಿ ಹಾಕ್ದೋನು ಇವ್ನು" ಎಂದರು ಚಂದ್ರಶೇಖರಯ್ಯ.

"ಬುಡಬಾರ್ದು ಇವ್ನ. ಲೇ, ನಿಂದು ಅಂತ ಒಂದ್ ಅಭಿಪ್ರಾಯ ಐತೇನ್ಲಾ? ಹುಟ್ದಾಗ್ನಿಂದ ಒಂದಾದ್ರೂ? ಅದುನ್ನ ಯೇಳು. ಯೇಳೋಗಂಟ ಇಲ್ಲಿಂದ ಕದಲಾಕಿಲ್ಲ."

ಅಂಗಳ ಕಾಯಿತು. ಮೊರದವರು ಕಾದರು, ಒನಕೆಯವರು ಕಾದರು. ನಾಗಭೂಷಣನೂ ಚೇತನ್ ಕುಮಾರನೂ ಫೋನು ಎತ್ತಿ ವಿಡಿಯೋ ಮಾಡಲು ನಿಂತರು. ಕದಿರಯ್ಯ ಬಹಳ ಹೊತ್ತು ತನ್ನೊಳಗೆ ಹುಡುಕಿದ. ರಸ್ತೆ, ನೀರು, ಸರ್ಕಾರ, ಯಾವುದರ ಬಗ್ಗೆಯೂ ಒಳಗೆ ಏನೂ ಸಿಗಲಿಲ್ಲ. ಕೊನೆಗೆ ಅವನ ಕಣ್ಣು ಬೇಳೆಯ ಮೇಲೆ ಬಿತ್ತು. ಮುಖ ಗಂಭೀರವಾಯಿತು.

"ಒಂದೈತೆ" ಎಂದ. "ಇದುಕಿದ್ ಬ್ಯಾಳೆ ಸಾರಿಗೆ ಮುದ್ದೆ ಸರಿಹೋಗಲ್ಲ. ಅನ್ನಾನೇ ಸರಿ."

ಮಧುಗಿರಿ ತಾಲ್ಲೂಕಿನ ಚರಿತ್ರೆಯಲ್ಲಿ ಇಂಥ ಮಾತನ್ನು ಯಾರೂ ಬಹಿರಂಗವಾಗಿ ಆಡಿರಲಿಲ್ಲ. ಅದರಲ್ಲೂ ರಾಗಿ ಬೀಸಿ ಹೊಟ್ಟೆ ಹೊರೆಯುವವನು! ಒನಕೆ ಗುಂಪಿನಲ್ಲಿ ಯಾರೋ "ಅಯ್ಯಯ್ಯೋ" ಎಂದರು. ಮೊರದ ಗುಂಪಿನಲ್ಲೊಬ್ಬ ಮೊರವನ್ನೇ ಮುಖಕ್ಕೆ ಅಡ್ಡ ಹಿಡಿದ. ತಮಟೆಯವನು ಕೋಲು ಕೆಳಗಿಟ್ಟ.

"ಅನ್ನವಾ?" ಎಂದ ಬೋರಯ್ಯ.

"ಹಿದುಕಿದ ಬೇಳೆಗೆ? ಅನ್ನ?" ಎಂದರು ಚಂದ್ರಶೇಖರಯ್ಯ.

"ಇಷ್ಟ್ ವರ್ಷ ನಾನ್ ತೊಳಸಿದ ಮುದ್ದೆ ತಿಂದು ತಲೆ ಆಡಿಸ್ತಿದ್ರಲ್ರೀ!" ಕೊಲ್ಲಾಪುರಮ್ಮ ಎದ್ದೇ ನಿಂತಳು. "ಅದೂ ಸುಳ್ಳಾ?"

"ಮುದ್ದೆ ಚೆನ್ನಾಗಿರ್ತದೆ ಕಣೆ. ಆದ್ರೆ ಸೊಪ್ಪಿನ್ ಸಾರಿಗೆ. ಈ ಸಾರು ಅನ್ನದ ಮ್ಯಾಲೆ ಹರೀಬೇಕು" ಎಂದ ಕದಿರಯ್ಯ. ಆಡಿದ ಮಾತು ಹಿಂತೆಗೆದುಕೊಳ್ಳಲಿಲ್ಲ. ಹೆದರಿಕೆ ಇದ್ದೇ ಇತ್ತು. ಆದರೂ ಜೀವನದಲ್ಲಿ ಮೊದಲ ಸಲ ಒಂದು ಮಾತಿಗೆ ಅಂಟಿಕೊಂಡು ನಿಂತದ್ದಕ್ಕೆ ಒಳಗೊಳಗೇ ಬಹಳ ಖುಷಿಯಾಗಿತ್ತು.

ಅವನ ರಾಜಕೀಯ ಜೀವನ ಅಲ್ಲಿಗೆ ಮುಗಿಯಿತು. ಮುದ್ದೆ ವಿರೋಧಿಗೆ ಟಿಕೆಟ್ ಕೊಟ್ಟರೆ ಈ ಸೀಮೆಯಲ್ಲಿ ಠೇವಣಿ ಉಳಿಯುತ್ತದೆಯೇ? ನಾಗಭೂಷಣನೂ ಚೇತನ್ ಕುಮಾರನೂ ಅಲ್ಲೇ ಬಾಗಿಲಲ್ಲಿ ತಲೆಗೆ ತಲೆ ಸೇರಿಸಿ ಒಂದೇ ಖಂಡನಾ ಹೇಳಿಕೆ ಬರೆದು ಎರಡೂ ಗ್ರೂಪಿಗೆ ಹಾಕಿದರು. ಎರಡೂ ಗ್ರೂಪಿನವರು ಒಂದೇ ಮಾತಿಗೆ ಒಪ್ಪಿ ಹೆಬ್ಬೆಟ್ಟು ಒತ್ತಿದ್ದು ಅದೇ ಮೊದಲು. ಕದಿರಯ್ಯ ಕನ್ನಡಕ ಒರೆಸಿಕೊಂಡು ಅದನ್ನು ಪೂರ್ತಿ ಓದಿದ. ಓದಿ, ಹೆಬ್ಬೆಟ್ಟು ಒತ್ತದೆ ಫೋನು ಜೇಬಿಗಿಟ್ಟ.

"ನೋಡ್ತಾ ನಿಂತ್ರೆ ಬ್ಯಾಳೆ ಯಾರ್ ಇದುಕ್ತಾರೆ?" ಎಂದು ರಾಜಲಕ್ಷ್ಮಮ್ಮ ಗದರಿದಳು. "ಆ ಮೊರಗಳ್ನ ಇಲ್ಲಿ ತನ್ನಿ, ಬ್ಯಾಳೆ ಹಾಕಾಕೆ ಸಾಲ್ತಿಲ್ಲ. ಒನಕೆ ಗೋಡೆಗೆ ಒರಗ್ಸಿ ಕೂತ್ಕಳ್ರಿ ಎಲ್ಲ." ಎರಡೂ ಮೆರವಣಿಗೆ ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಕೂತವು. ಅಷ್ಟು ಕೈಗಳಲ್ಲಿ ಕಾಳಿನ ರಾಶಿ ಕರಗಿಹೋಯಿತು. ಊಟಕ್ಕೆ ಕೂತಾಗ ಎಲ್ಲರ ಎಲೆಗೂ ಮುದ್ದೆ. ಕೊಲ್ಲಾಪುರಮ್ಮ ಗಂಡನ ಎಲೆಗೆ ಮಾತ್ರ ಬೇರೆ ಪಾತ್ರೆಯಿಂದ ಅನ್ನ ಬಡಿಸಿದಳು. ಸಿಟ್ಟಿನಿಂದಲೇ ಬಡಿಸಿದಳು, ಆದರೆ ಸಾರು ಎರಡು ಸೌಟು ಹೆಚ್ಚು ಹಾಕಿದಳು.

ಸೋಮವಾರ ಬೆಳಗ್ಗೆ ಬೆಂಚಿನ ಮೇಲೆ ಎರಡು ಬೆನ್ನುಗಳು ಕಂಡವು. ನಡುವೆ ಕಡ್ಲೆಪುರಿ. ಮಿಲ್ಲು ಓಡುತ್ತಿತ್ತು, ಬಾಗಿಲಲ್ಲಿ ರಾಗಿ ಡಬ್ಬಿ ಹಿಡಿದವರ ಸಾಲು. ಹೊರಗೆ ನಾಲ್ಕು ಕೈಗಳು ಗಾಳಿಯಲ್ಲಿ ಆಡಿದವು. ಆಮೇಲೆ ರೂಢಿಯಂತೆ ಚಂದ್ರಶೇಖರಯ್ಯನವರು ಒಳಗೆ ತಿರುಗಿ ಏನೋ ಕೇಳಿದರು. ಬೋರಯ್ಯನೂ ಕೇಳಿದ.

ಕದಿರಯ್ಯನ ತಲೆ ಅಲ್ಲಾಡಲು ಹೊರಟು ನಿಂತಿತು. ಅವನು ಮಿಲ್ಲು ಆಫ್ ಮಾಡಿದ. ಸಾಲಿನಲ್ಲಿ ನಿಂತವರು ಗೊಣಗಿದರು. ಕನ್ನಡಕ ಒರೆಸಿಕೊಳ್ಳುತ್ತ ಆಚೆ ಬಂದ.

"ಏನಂದ್ರಿ? ಇನ್ನೊಂದ್ಸಲ ಹೇಳಿ."

ಇಬ್ಬರೂ ಹೇಳಿದರು. ಅವನು ಎರಡನ್ನೂ ಪೂರ್ತಿ ಕೇಳಿಸಿಕೊಂಡ, ತುಸು ಯೋಚಿಸಿದ.

"ನಂಗೇನೋ ಇಬ್ರುದೂ ತಪ್ಪು ಅನ್ನುಸ್ತದೆ" ಎಂದ.

ಅನ್ನ ತಿನ್ನುವವನಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕೆಂದು ಇಬ್ಬರೂ ಒಂದೇ ಉಸಿರಿಗೆ ಅವನನ್ನು ಬೈದರು. ಬೈಯುತ್ತಲೇ ಚಂದ್ರಶೇಖರಯ್ಯನವರು ಆಚೆಗೆ ಸರಿದರು, ಬೋರಯ್ಯ ಈಚೆಗೆ ಸರಿದ, ಕಡ್ಲೆಪುರಿಯ ಕಾಗದವನ್ನು ಎತ್ತಿ ಹಿಡಿದು ನಡುವೆ ಅವನಿಗೆ ಜಾಗ ಬಿಟ್ಟರು.